ಕಲ್ಲು ಓದಿದ ಅಲೆಮಾರಿ: ರಾಬರ್ಟ್ ಬ್ರೂಸ್ ಫೂಟ್

ಕನ್ನಡ ನಾಡಿನ ಚರಿತ್ರೆಯನ್ನು ಶಾಸನಗಳಿಂದ ಆರಂಭಿಸುವುದು ನಮ್ಮ ವಾಡಿಕೆ. ಹಲ್ಮಿಡಿಯ ಶಾಸನಕ್ಕೂ, ಮಸ್ಕಿ ಹಾಗೂ ಬ್ರಹ್ಮಗಿರಿಯ ಅಶೋಕನ ಬರಹಗಳಿಗೂ ಬಹುಕಾಲ ಮುನ್ನ, ಅಕ್ಷರವನ್ನೇ ಅರಿಯದ ಜನರು ಈ ನೆಲದಲ್ಲಿ ಬಾಳಿ ಹೋದರು. ಅವರು ಬಿಟ್ಟುಹೋದ ಕಲ್ಲುಗಳನ್ನು ಬರಹದಂತೆ ಓದಲು ಕಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಗೌರವಿಸುವ ಈ ಭೂವಿಜ್ಞಾನಿಯ ವಿದ್ಯೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಬೆಟ್ಟ ಹತ್ತಿ, ಹೊಳೆ ದಾಟಿ, ಜೊತೆಗಾರರೊಡನೆ ಅಲೆದು ಗಳಿಸಿದ್ದು.

ಫೂಟ್ 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಪಟ್ಟಣದಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. ಆ ಇಲಾಖೆಯವರ ಬದುಕೆಂದರೆ ಚಳಿಗಾಲ ಕಾಲಿಡುತ್ತಲೇ ಡೇರೆ ಕಟ್ಟಿಕೊಂಡು ಹೊರಡುವುದು, ಬಿಸಿಲೇರಿ ಮಳೆ ಬರುವ ಹೊತ್ತಿಗೆ ಹಿಂದಿರುಗಿ ಕಂಡದ್ದನ್ನು ಬರೆದಿಡುವುದು. ಇಂಥ ಪಯಣಕ್ಕೆ ಉತ್ಸಾಹವೊಂದೇ ಸಾಲದು. ಯಾವ ದಾರಿಯಲ್ಲಿ ಸಾಗಬೇಕು, ನೀರಿನ ಆಸರೆ ಎಲ್ಲಿದೆ, ಸಾಮಾನಿನ ಗಾಡಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಮೊದಲೇ ಯೋಚಿಸಬೇಕಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಫೂಟ್ ಅವರು ಇದೇ ಕ್ರಮದಲ್ಲಿ ದಕ್ಷಿಣ ಭಾರತವನ್ನು ಸುತ್ತಿದರು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂ ಎಂಬಲ್ಲಿ, ಜಲ್ಲಿಗಾಗಿ ತೋಡಿದ ಗುಂಡಿಯೊಂದರಲ್ಲಿ ಅವರಿಗೆ ಕೆತ್ತಿದ ಕಲ್ಲೊಂದು ದೊರೆಯಿತು. ಅದು ಮನುಷ್ಯನ ಕೈಯಿಂದ ಆಕಾರ ಪಡೆದ ಹಳೆ ಶಿಲಾಯುಗದ ಉಪಕರಣವೆಂದು ಅವರು ಗುರುತಿಸಿದರು. ಅಂಥ ಕಲ್ಲುಗಳು ಅತಿ ಪ್ರಾಚೀನ ಮಾನವನವೆಂಬುದನ್ನು ಯುರೋಪಿನ ವಿದ್ವಾಂಸರೇ ಒಪ್ಪಿಕೊಂಡು ಆಗಿನ್ನೂ ನಾಲ್ಕು ವರ್ಷ ಕಳೆದಿತ್ತಷ್ಟೆ. ಒಂದೇ ಕಲ್ಲು ಆಕಸ್ಮಿಕವೆನಿಸಬಹುದು. ಅದಕ್ಕೆ ಜೊತೆ ಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಪರಿಸರವನ್ನು ಶೋಧಿಸಿದರು. ಅಲ್ಲಿ ಕೈಗೊಡಲಿಗಳು ಹೇರಳವಾಗಿ ದೊರೆತು, ಪಲ್ಲಾವರದ ಕಲ್ಲು ಒಂಟಿಯಲ್ಲವೆಂಬುದು ಸಿದ್ಧವಾಯಿತು. ಅದೇ ಅತ್ತಿರಂಪಾಕ್ಕಂನ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷಗಳ ವಯಸ್ಸಿದೆಯೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಮುಂದೆ ಅವರ ಡೇರೆ ಕನ್ನಡ ನಾಡಿಗೆ ಬಂದಿತು. ಗೋಕಾಕದ ಸಮೀಪ ಅಳಿದುಹೋದ ಖಡ್ಗಮೃಗವೊಂದರ ಪಳೆಯುಳಿಕೆ ದೊರೆಯಿತು. 1874ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಅದೇ ವರ್ಷ ಗದಗ ಸೀಮೆಯ ಕಪ್ಪತಗುಡ್ಡದ ಚಿನ್ನದ ಶಿಲೆಗಳನ್ನು ಕುರಿತು ಬರೆದರು. ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಗಳ ಭೂರಚನೆಯನ್ನು ವಿವರಿಸುವ ಅವರ ದೊಡ್ಡ ವರದಿ 1876ರಲ್ಲಿ ಹೊರಬಂದಿತು. ಇಂದು ಜಗತ್ತಿನ ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದ ಕರೆಯುವ ಶಿಲಾಸಮೂಹಕ್ಕೆ ಆ ಹೆಸರನ್ನಿತ್ತವರೂ ಅವರೇ.

ಬಳ್ಳಾರಿಯ ಅಧ್ಯಾಯ ಇವೆಲ್ಲಕ್ಕಿಂತ ಮಿಗಿಲಾದುದು. ಸಂಗನಕಲ್ಲು ಮತ್ತು ಕುಪ್ಪಗಲ್ಲು ಗ್ರಾಮಗಳ ನಡುವಿನ ಬೆಟ್ಟದಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದ ಬಹು ದೊಡ್ಡ ನೆಲೆಯಿದೆ. ಅದನ್ನು ಗುರುತಿಸಿದವರು ಜಿಲ್ಲಾ ಎಂಜಿನಿಯರಾಗಿದ್ದ ವಿಲಿಯಂ ಫ್ರೇಸರ್. ಅವರ ಶೋಧವನ್ನು ಫೂಟ್ ಅವರು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಅದರ ಮಹತ್ವವನ್ನು ಮಾತ್ರ ವಿದ್ವತ್ ಲೋಕದ ಮುಂದಿಟ್ಟರು. ಜೊತೆಯಾಗಿ ಅಲೆಯುವವರಲ್ಲಿ ಇರಬೇಕಾದ ಮೊದಲ ಗುಣ ಇದೇ: ಕಂಡವರ ಹೆಸರನ್ನು ಕಂಡವರಿಗೇ ಬಿಡುವುದು.

ಅದೇ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ಇಂಥ ದಿಬ್ಬಗಳ ಹುಟ್ಟನ್ನು ಕುರಿತು ವಿದ್ವಾಂಸರಲ್ಲೂ ಬಗೆಬಗೆಯ ಊಹೆಗಳಿದ್ದವು. ಫೂಟ್ ಅವರು ದಿಬ್ಬಗಳನ್ನು ಕಣ್ಣಾರೆ ಪರೀಕ್ಷಿಸಿ, ಇವು ದನ ಸಾಕುತ್ತಿದ್ದ ನವಶಿಲಾಯುಗದ ಜನರ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಉಳಿದ ಬೂದಿಯೆಂಬ ನಿಲುವಿಗೆ ಬಂದರು. ಎಲ್ಲರೂ ಅದನ್ನು ಒಪ್ಪಲಿಲ್ಲ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೆ, 1957ರಲ್ಲಿ, ಎಫ್. ಆರ್. ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ದನಗಳ ಗೊರಸಿನ ಗುರುತುಗಳೇ ಬೂದಿಯ ಪದರಗಳಲ್ಲಿ ಕಾಣಿಸಿಕೊಂಡವು. ಫೂಟ್ ಅವರ ಮಾತು ನಿಂತಿತು.

ಈ ಅಲೆದಾಟಕ್ಕೆ ಮನೆಯವರೂ ಜೊತೆಗೂಡಿದರು. 1884-85ರ ಸುಮಾರಿಗೆ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಶೋಧದಲ್ಲಿ ಸೈನ್ಯಾಧಿಕಾರಿಯಾಗಿದ್ದ ಮಗ ಹೆನ್ರಿ ಅವರಿಗೆ ಹೆಗಲೆಣೆಯಾಗಿದ್ದರು. ಮಾವ ಪೀಟರ್ ಪರ್ಸಿವಲ್ ಪಾದ್ರಿಗಳು ತಮಿಳು ಗಾದೆಗಳನ್ನು ಸಂಗ್ರಹಿಸಿ ಪ್ರಕಟಿಸಿದ ವಿದ್ವಾಂಸರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಒಬ್ಬರು ಜನರ ನಾಲಗೆಯ ಮೇಲಿದ್ದುದನ್ನು ಆಯ್ದರು, ಇನ್ನೊಬ್ಬರು ಜನರ ಕಾಲಡಿಯಲ್ಲಿ ಬಿದ್ದುದನ್ನು. ಪರ್ಸಿವಲ್ ಅವರು 1882ರಲ್ಲಿ ಏರ್ಕಾಡಿನಲ್ಲಿ ತೀರಿಕೊಂಡರು.

ಆ ಏರ್ಕಾಡೇ ಫೂಟ್ ಅವರ ಕೊನೆಯ ನೆಲೆಯೂ ಆಯಿತು. ಸೇಲಂ ಪಟ್ಟಣದ ಮೇಲೆ ಎದ್ದು ನಿಂತ ಶೇರ್ವರಾಯನ್ ಬೆಟ್ಟಸಾಲಿನಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿರುವ ಊರು ಅದು. ತಮಿಳಿನಲ್ಲಿ ಏರಿ ಎಂದರೆ ಕೆರೆ; ಕನ್ನಡದಲ್ಲಿ ಕೆರೆಯ ಕಟ್ಟೆ. ಕಾಡು ಎರಡರಲ್ಲೂ ಕಾಡೇ. ಅಲ್ಲಿನ ಐವಿ ಕಾಟೇಜ್ ಎಂಬ ಮನೆಯಲ್ಲಿ ಅವರು ವಾಸವಾಗಿದ್ದರು. ವಿಶ್ರಾಂತಿಯ ತಾಣದಲ್ಲೂ ಕಣ್ಣಿಗೆ ವಿಶ್ರಾಂತಿಯಿರಲಿಲ್ಲ. ಆ ಬೆಟ್ಟಗಳಲ್ಲೂ ನವಶಿಲಾಯುಗದ ನಯಗೊಳಿಸಿದ ಕೊಡಲಿಗಳಿದ್ದವು. ಬೆಟ್ಟದ ಜನರು ಅವನ್ನು ಆಯ್ದು ತಂದು ಸಣ್ಣ ಗುಡಿಗಳಲ್ಲಿಟ್ಟು ಪೂಜಿಸುತ್ತಿದ್ದರು.

1891ರಲ್ಲಿ ಇಲಾಖೆಯಿಂದ ನಿವೃತ್ತರಾದ ಮೇಲೂ ಅವರು ಬರೋಡ ಸಂಸ್ಥಾನದಲ್ಲಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಆಗ ಅವರಿಗೆ ಅರವತ್ತು ವರ್ಷ. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಯಾವ ಕಲ್ಲು ಯಾವ ಊರಿನದೆಂಬ ದಾಖಲೆಯನ್ನು ಅವರು ಜತನದಿಂದ ಇಟ್ಟಿದ್ದರು. ಊರಿನ ಹೆಸರು ಕಳೆದುಕೊಂಡ ಕಲ್ಲು ಬರಿಯ ಕಲ್ಲು. ಊರಿನ ಹೆಸರುಳ್ಳ ಕಲ್ಲು ಚರಿತ್ರೆ. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಸಂಗ್ರಹದ ಸಚಿತ್ರ ಸೂಚಿ ಮತ್ತು ಟಿಪ್ಪಣಿಗಳು 1914 ಹಾಗೂ 1916ರಲ್ಲಿ, ಅವರ ಮರಣಾನಂತರ ಪ್ರಕಟವಾದವು.

ಬಳ್ಳಾರಿಯಲ್ಲಿ ಇಂದು ಅವರ ಹೆಸರನ್ನೇ ಹೊತ್ತ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಆದರೆ ಅವರು ನಡೆದ ಬೆಟ್ಟಗಳು ಕಲ್ಲುಗಣಿಗಾರಿಕೆಯ ಪೆಟ್ಟಿಗೆ ಸಿಲುಕಿವೆ. ಸ್ಫೋಟಗೊಂಡ ಬಂಡೆಯ ಪಾಠವನ್ನು ಮತ್ತೆ ಯಾರೂ ಓದಲಾರರು. ಗೆಳೆಯರೊಡಗೂಡಿ ಬೆಟ್ಟ ಹತ್ತುವ ವಿದ್ಯಾರ್ಥಿಗಳು ಫೂಟ್ ಅವರ ದಾರಿಯಿಂದ ಕಲಿಯಬಹುದಾದದ್ದು ಇಷ್ಟು: ಹೊರಡುವ ಮುನ್ನ ದಾರಿಯನ್ನು ಅರಿಯುವುದು, ಸ್ಥಳೀಯರು ತೋರಿಸಿದುದನ್ನು ಗೌರವದಿಂದ ನೋಡುವುದು, ಕಂಡದ್ದನ್ನು ಅಲ್ಲಿಯೇ ಬಿಟ್ಟು ಊರು, ದಿನಾಂಕಗಳೊಡನೆ ಬರೆದಿಟ್ಟು ಬಲ್ಲವರಿಗೆ ತಿಳಿಸುವುದು. ಶಾಸನಗಳಿಗೂ ಹಿಂದಿನ ನಾಡಿನ ಕಥೆ ಇನ್ನೂ ಪೂರ್ತಿಯಾಗಿಲ್ಲ.