ಸರಾಸರಿಯ ಮುಸುಕು ತೆಗೆದ ನಂಜುಂಡಪ್ಪ

ರಾಯಚೂರು, ಕಲಬುರಗಿಯ ಯಾವುದೇ ಧರಣಿಗೆ ಹೋಗಿ, ‘ನಂಜುಂಡಪ್ಪ ವರದಿ’ ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ವರದಿ ಎಲ್ಲರಿಗೂ ಗೊತ್ತು, ಮನುಷ್ಯ ಅಷ್ಟಾಗಿ ಗೊತ್ತಿಲ್ಲ.

ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಮೇಷ್ಟ್ರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಯಾಗಿದ್ದವರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿದ್ದವರು. 2000ದಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಪ್ರಾದೇಶಿಕ ಅಸಮತೋಲನದ ಅಧ್ಯಯನವನ್ನು ಅವರಿಗೆ ಒಪ್ಪಿಸಿತು.

ಜಿಲ್ಲೆಯ ಲೆಕ್ಕದಲ್ಲಿ ಬಡ ತಾಲೂಕು ಮರೆಯಾಗಿಬಿಡುತ್ತೆ. ಹಾಗಾಗಿ ಅವರ ಸಮಿತಿ 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲೂಕುಗಳನ್ನೂ ಒಂದೊಂದಾಗಿ ಅಳೆಯಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ 114 ತಾಲೂಕು; ‘ಅತ್ಯಂತ ಹಿಂದುಳಿದವು’ 39. ಅದರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಗಡಿಯಲ್ಲಿರೋ ಔರಾದ್, ಚಿಂಚೋಳಿ, ಸೇಡಂ ಅಲ್ಲಿದ್ದವು. ಜೊತೆಗೆ ದಕ್ಷಿಣದ ಪಾವಗಡ, ಬಾಗೇಪಲ್ಲಿಯೂ ಇದ್ದವು. ಇದು ಬರೀ ಉತ್ತರ-ದಕ್ಷಿಣದ ಜಗಳ ಅಲ್ಲ; ರಾಜಧಾನಿಗೂ ಅಂಚಿಗೂ ಇರೋ ಅಂತರ ಅಂತ ಅಂಕಿಗಳೇ ಹೇಳಿದವು.

2002ರ ವರದಿ 8 ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆ ಕೇಳಿತ್ತು. ಆ ವಿಶೇಷ ಯೋಜನೆ ಶುರುವಾಗಿದ್ದು 2007-08ರಲ್ಲಿ. ನಂಜುಂಡಪ್ಪ 2005ರಲ್ಲೇ ತೀರಿಕೊಂಡಿದ್ದರು. ಕಲಬುರಗಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ರಾಯಚೂರಿಗೆ ಅಂತ ವರದಿ ಶಿಫಾರಸು ಮಾಡಿದ್ದ ಐಐಟಿ 2016ರಲ್ಲಿ ಧಾರವಾಡದ ಪಾಲಾಯಿತು.

2024ರಲ್ಲಿ ಸರ್ಕಾರ ಇದೇ ವಿಷಯಕ್ಕೆ ಮತ್ತೊಂದು ಸಮಿತಿ ಮಾಡಿತು. ಹೊಸ ಅಳತೆ ಬೇಕು, ನಿಜ. ಆದರೆ ದೇವದುರ್ಗ, ಯಾದಗಿರಿಯ ಕುಟುಂಬಗಳು ಇವತ್ತಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರ್ತಿವೆ. ಕೊರತೆ ಇದ್ದದ್ದು ಅಂಕಿಗಳದ್ದಲ್ಲ, ಅವನ್ನು ಓದಿ ಹಣ ಹಂಚೋ ಮನಸ್ಸಿನದು.