ಕಪ್ಪು-ಬಿಳುಪಿನ ಮಾಸ್ತರ ವಿ.ಕೆ. ಮೂರ್ತಿ

ಗುರುದತ್ ಹೆಸರು ಕೇಳದವರು ಕಡಿಮೆ. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಅಂದ್ರೆ ಸಾಕು, ನಮ್ಮ ಅಜ್ಜನ ವಯಸ್ಸಿನವರು ಈಗಲೂ ಹಾಡು ಗುನುಗ್ತಾರೆ. ಆದರೆ ಆ ಚಿತ್ರಗಳ ಕ್ಯಾಮೆರಾ ಹಿಂದೆ ನಿಂತಿದ್ದವರು ಒಬ್ಬ ಮೈಸೂರಿನ ಕನ್ನಡಿಗರು ಅನ್ನೋದು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ವಿ.ಕೆ. ಮೂರ್ತಿ. ನಾವು ಟೆಕ್ನಿಕಲ್ ಓದುವವರು ಅವರನ್ನು ನೆನೆಯೋಕೆ ಇನ್ನೊಂದು ಕಾರಣನೂ ಇದೆ. ಅವರು ಕ್ಯಾಮೆರಾ ಕಲಿತದ್ದು ನಮ್ಮ ರಾಜ್ಯದ ಒಂದು ಪಾಲಿಟೆಕ್ನಿಕ್‌ನಲ್ಲಿ.

ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಪಿಟೀಲು ಬಾರಿಸುತ್ತಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ ಬಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ. ಆಮೇಲೆ ಮುಂಬೈಗೆ ಹೋಗಿ, ಆಗ ದೊಡ್ಡ ಹೆಸರಾಗಿದ್ದ ಫಲಿ ಮಿಸ್ತ್ರಿ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿ ಕೆಲಸ ಕಲಿತರು.

ಮೂರ್ತಿಯವರು ಮಾಡಿದ್ದು ಎಷ್ಟು ಕಷ್ಟದ ಕೆಲಸ ಅಂತ ತಿಳೀಬೇಕಂದ್ರೆ ಸ್ವಲ್ಪ ಕೆಮಿಸ್ಟ್ರಿ ಬೇಕು. ಕಪ್ಪು-ಬಿಳುಪು ಫಿಲಂ ಮೇಲೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು ಇರ್ತವೆ. ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ಅನ್ನೋ ದ್ರಾವಣ ಕಪ್ಪು ಬೆಳ್ಳಿಯಾಗಿ ಬದಲಿಸುತ್ತದೆ. ಒಂದೇ ಫಿಲಂ ಆದರೂ ಡೆವಲಪರ್ ಬದಲಾದರೆ ಚಿತ್ರದ ಗುಣ ಬದಲಾಗುತ್ತದೆ. ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಬೆಳಕಿನ ಭಾಗಗಳು ನೆರಳಿಗಿಂತ ಬೇಗ ಗಟ್ಟಿಯಾಗಿ, ಕಪ್ಪು ಮತ್ತು ಬಿಳುಪಿನ ಅಂತರ ಏರುತ್ತದೆ. ಅದಕ್ಕೇ ಸ್ಟಿಲ್ ಫೋಟೋ ತೆಗೆಯುವವರು ತಮ್ಮ ಫಿಲಂಗೆ ಹೊಂದುವ ಡೆವಲಪರ್ ಹುಡುಕುತ್ತಾರೆ, ಮದುವೆಗೆ ಜಾತಕ ಕೂಡಿಸಿದ ಹಾಗೆ. 1920ರ ದಶಕದಲ್ಲಿ ಕೊಡಾಕ್ ಕಂಪನಿ ಸಿನಿಮಾ ಫಿಲಂಗಾಗಿ ತಯಾರಿಸಿದ ಡಿ-76 ಇಂಥದ್ದೇ ಒಂದು ಡೆವಲಪರ್. ಒಂದು ಲೀಟರಿಗೆ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೋಕ್ವಿನೋನ್, 100 ಗ್ರಾಂ ಸೋಡಿಯಂ ಸಲ್ಫೈಟ್, 2 ಗ್ರಾಂ ಬೋರಾಕ್ಸ್, ಅಷ್ಟೇ. ಬೋರಾಕ್ಸ್ ಕಡಿಮೆ ಕ್ಷಾರ ಇರೋದ್ರಿಂದ ನಿಧಾನವಾಗಿ ಕೆಲಸ ಮಾಡುತ್ತದೆ, ಕಪ್ಪಿಗೂ ಬಿಳುಪಿಗೂ ನಡುವೆ ಬೂದು ಬಣ್ಣದ ಉದ್ದನೆ ಮೆಟ್ಟಿಲು ಸಿಗುತ್ತದೆ.

ಆದರೆ ಸಿನಿಮಾ ಕ್ಯಾಮೆರಾಮನ್‌ಗೆ ಈ ಜಾತಕ ಕೂಡಿಸೋ ಸ್ವಾತಂತ್ರ್ಯ ಇರಲಿಲ್ಲ. 35 ಎಂಎಂ ಫಿಲಂನ ಒಂದು ರೋಲ್ 1000 ಅಡಿ, ಅಂದರೆ ಸುಮಾರು 11 ನಿಮಿಷ. ಅದರಲ್ಲಿ ಹತ್ತಾರು ಶಾಟ್ ಇರ್ತವೆ. ಒಂದೊಂದು ಶಾಟ್‌ಗೆ ಒಂದೊಂದು ಡೆವಲಪರ್ ಹಾಕೋಕೆ ಬರೋದಿಲ್ಲ. ಲ್ಯಾಬ್‌ನ ಮಷಿನ್ ಎಲ್ಲಕ್ಕೂ ಒಂದೇ ದ್ರಾವಣ, ಒಂದೇ ತಾಪಮಾನ, ಒಂದೇ ಸಮಯ ಕೊಡುತ್ತದೆ. ನೆಗೆಟಿವ್‌ನ ಗಾಮಾ ಸುಮಾರು 0.65ರ ಹತ್ತಿರ ಇರಬೇಕು ಅನ್ನೋದು ರೂಢಿ. ಬೆಳಕು ಹತ್ತು ಪಟ್ಟಾದರೆ ನೆಗೆಟಿವ್‌ನ ಡೆನ್ಸಿಟಿ 0.65 ಏರುತ್ತದೆ ಅಂತ ಇದರ ಅರ್ಥ. ಗ್ರಾಫ್ ಮೊದಲೇ ಬರೆದಾಗಿದೆ, ಅದರ ಮೇಲೆ ಮುಖ ಎಲ್ಲಿ ಕೂಡಬೇಕು, ಗೋಡೆ ಎಲ್ಲಿ ಕೂಡಬೇಕು ಅನ್ನೋದನ್ನ ಲೈಟ್ ಇಡುವಾಗಲೇ ತೀರ್ಮಾನ ಮಾಡಬೇಕು. ಮೂರ್ತಿಯವರ ಇಡೀ ವಿದ್ಯೆ ಇರೋದು ಇಲ್ಲಿ.

1951ರ ‘ಬಾಜಿ’ ಚಿತ್ರಕ್ಕೆ ವಿ. ರಾತ್ರಾ ಕ್ಯಾಮೆರಾಮನ್, ಮೂರ್ತಿ ಅಸಿಸ್ಟೆಂಟ್. ಒಂದು ಹಾಡಿಗೆ ಮೂರ್ತಿ ಕಷ್ಟದ ಶಾಟ್ ಒಂದನ್ನು ಸೂಚಿಸಿ, ತಾವೇ ತೆಗೆದು ತೋರಿಸಿದರು. ಗುರುದತ್ ಮೆಚ್ಚಿದರು. ಮುಂದಿನ ವರ್ಷದ ‘ಜಾಲ್’ ಚಿತ್ರಕ್ಕೆ ಮೂರ್ತಿಯೇ ಕ್ಯಾಮೆರಾಮನ್. ಅಲ್ಲಿಂದ ಈ ಜೋಡಿ ಬಿಡಲಿಲ್ಲ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿದು ಬರುವ ದೃಶ್ಯ ಇದೆ. ನಮ್ಮ ಗುಡಗೇರಿ, ಕುಂದಗೋಳ ಕಡೆ ಹಳೆ ಮಾಳಿಗೆ ಮನೆ ನೋಡಿದವರಿಗೆ ಇದು ಹೊಸದಲ್ಲ. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲು ಸೀದಾ ಕೋಲಿನಂಗ ಇಳೀತದ, ಅದರೊಳಗ ಧೂಳು ಕುಣೀತಿರ್ತದ, ಪಕ್ಕದ ಮೂಲೆ ಮಾತ್ರ ಕತ್ತಲು. ಸ್ಟುಡಿಯೋ ಲೈಟ್‌ನಿಂದ ಹಂಗ ಬರೋದಿಲ್ಲ, ಯಾಕಂದ್ರೆ ಅದರ ಕಿರಣ ಹರಡಿಕೊಳ್ಳುತ್ತದೆ. ಸೂರ್ಯ ಬಹಳ ದೂರ ಇರೋದ್ರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ. ಅದಕ್ಕೆ ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗೆ ಬಿಸಿಲಿಗೆ, ಇನ್ನೊಂದು ಒಳಗೆ ಎತ್ತರದಲ್ಲಿ. ಬಿಸಿಲನ್ನೇ ಒಳಗೆ ತಂದು ಕೆಳಗೆ ಇಳಿಸಿದರು. ಫಿಲಂ ಅದೇ, ಲ್ಯಾಬ್ ಅದೇ, ಆದರೆ ಅಂಥ ಕಪ್ಪು, ಅಂಥ ಬಿಳುಪು ಅದಕ್ಕೂ ಮೊದಲು ಯಾರೂ ತೋರಿಸಿರಲಿಲ್ಲ ಅಂತ ನಮಗನಿಸುತ್ತದೆ.

ಇಷ್ಟಾದರೂ ಚಿತ್ರ ಓಡಲಿಲ್ಲ. ಅದರ ನಂತರ ಗುರುದತ್ ನಿರ್ದೇಶಕ ಅಂತ ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಮಾತ್ರ ಅದೇ ಚಿತ್ರ ಫಿಲಂಫೇರ್ ಪ್ರಶಸ್ತಿ ತಂದಿತು. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಮತ್ತೊಂದು. ಆ ಚಿತ್ರದ ಒಂದು ಮುಜ್ರಾ ಹಾಡಿನಲ್ಲಿ ಮುಖ್ಯ ನರ್ತಕಿಯ ಮೇಲೆ ಬೆಳಕು ಇದೆ, ಸುತ್ತಲಿನ ನರ್ತಕಿಯರೆಲ್ಲ ಪೂರ್ತಿ ನೆರಳಿನಲ್ಲಿ ಕುಣಿಯುತ್ತಾರೆ. ಗ್ರಾಫ್‌ನ ಕೆಳತುದಿಯಲ್ಲಿ ಅವರನ್ನು ಬೇಕಂತಲೇ ಕೂಡಿಸಿದ್ದು.

1964ರ ಅಕ್ಟೋಬರ್‌ನಲ್ಲಿ ಗುರುದತ್ ತೀರಿಕೊಂಡರು. ಅಷ್ಟೊತ್ತಿಗೆ ಕಲರ್ ಫಿಲಂ ಬಂದು ಕಪ್ಪು-ಬಿಳುಪು ಹಿಂದೆ ಸರಿಯುತ್ತಿತ್ತು. ಗೆಳೆಯನೂ ಇಲ್ಲ, ಕಲಿತ ವಿದ್ಯೆಗೂ ಬೇಡಿಕೆ ಇಲ್ಲ. ಮೂರ್ತಿ ಕೈಕಟ್ಟಿ ಕೂಡಲಿಲ್ಲ. ‘ಲವ್ ಇನ್ ಟೋಕಿಯೋ’, ‘ಜುಗ್ನು’ ಅಂಥ ಬಣ್ಣದ ಚಿತ್ರ ಮಾಡಿದರು. ಟಿವಿಗೆ ‘ತಮಸ್’, ‘ಭಾರತ್ ಏಕ್ ಖೋಜ್’ ಮಾಡಿದರು. 1993ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶನದ ಕನ್ನಡ ಚಿತ್ರ ‘ಹೂವು ಹಣ್ಣು’ಗೆ ಕ್ಯಾಮೆರಾ ಹಿಡಿದರು.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಆಗ ಅವರಿಗೆ 85 ದಾಟಿತ್ತು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ, 90ನೇ ವಯಸ್ಸಿನಲ್ಲಿ, ತೀರಿಕೊಂಡರು.

ಈಗ ನಮ್ಮ ಮೊಬೈಲ್‌ನಲ್ಲಿ ಫಿಲ್ಟರ್ ಒತ್ತಿದರೆ ಕಪ್ಪು-ಬಿಳುಪು ರೆಡಿ. ಬೇಡ ಅನಿಸಿದರೆ ವಾಪಸ್. ಮೂರ್ತಿಯವರಿಗೆ ವಾಪಸ್ ಬರೋ ದಾರಿ ಇರಲಿಲ್ಲ, ಲ್ಯಾಬ್‌ನಿಂದ ಪ್ರಿಂಟ್ ಬರೋವರೆಗೂ ಏನು ಬಂದಿದೆ ಅಂತ ನೋಡೋಕೂ ಆಗ್ತಿರಲಿಲ್ಲ. ರಜೆಯಲ್ಲಿ ‘ಕಾಗಜ್ ಕೆ ಫೂಲ್’ ಒಮ್ಮೆ ನೋಡ್ರಿ, ಸಾಧ್ಯ ಆದರೆ ದೊಡ್ಡ ಪರದೆ ಮೇಲೆ, ಕತ್ತಲ ಕೋಣೆಯಲ್ಲಿ. ಕಥೆ ಜೊತೆಗೆ ಮುಖದ ನೆರಳಿನ ಕಡೆಯನ್ನೂ ಗಮನಿಸ್ರಿ. ಅಲ್ಲಿ ಎಷ್ಟು ಥರದ ಬೂದು ಬಣ್ಣ ಅದಾವು ಅಂತ ಎಣಿಸೋಕೆ ನಾವೂ ನೋಡಿದ್ವಿ, ಎಣಿಕೆ ಮುಗಿಯಲಿಲ್ಲ.