ಕುದುರೆ ಏರಿದ ರಾಣಿ ಚಾಂದಬೀಬಿ



ಒಲಿಂಪಿಕ್ಸ್‌ನಲ್ಲಿ ಕುಸ್ತಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಇರುತ್ತದೆ. ಕುದುರೆ ಸವಾರಿಯಲ್ಲಿ ಹಾಗಿಲ್ಲ. ಇಬ್ಬರೂ ಒಂದೇ ಮೈದಾನದಲ್ಲಿ ಸ್ಪರ್ಧೆ ಮಾಡುತ್ತಾರೆ. 2021ರಲ್ಲಿ ಟೋಕಿಯೊದಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಇದ್ದ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಜರ್ಮನಿಯ ಜೂಲಿಯಾ ಕ್ರಾಯೆವ್ಸ್ಕಿ ಎಂಬ ಹೆಣ್ಣುಮಗಳು. ಇದನ್ನು ಕೇಳಿ ನನಗೆ ನಮ್ಮ ಸೀಮೆಯ ರಾಣಿ ಚಾಂದಬೀಬಿ ನೆನಪಾದಳು. ನಾನು ಆಕೆಯ ಚರಿತ್ರೆ ಬರೆಯುತ್ತೇನೆ.

ಚಾಂದಬೀಬಿ ಸುಮಾರು 1550ರಲ್ಲಿ ಹುಟ್ಟಿದಳು. ತಂದೆ ಅಹಮದನಗರದ ಸುಲ್ತಾನ ಹುಸೇನ್ ನಿಜಾಮಶಾಹ. 1565ರ ತಾಳಿಕೋಟೆ ಯುದ್ಧಕ್ಕೆ ಸ್ವಲ್ಪ ಮೊದಲು ವಿಜಾಪುರದ ಅಲಿ ಆದಿಲಶಾಹನ ಜೊತೆ ಮದುವೆ ಆಯಿತು. ಆಗ ಆಕೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು ಇರಬೇಕು, ಅಷ್ಟೇ! ವರದಕ್ಷಿಣೆ ಅಂತ ಸೋಲಾಪುರದ ಕೋಟೆಯನ್ನೇ ಕೊಟ್ಟರು. ಆಳಂದ, ಅಫಜಲಪುರದ ಕಡೆಯವರು ದವಾಖಾನೆಗೆ, ಬಜಾರಕ್ಕೆ ಹೋಗ್ತಾರಲ್ಲ, ಅದೇ ಸೋಲಾಪುರ.

ಆಕೆಗೆ ಅರಬ್ಬಿ, ಫಾರಸಿ, ತುರ್ಕಿ, ಮರಾಠಿ ಮತ್ತು ಕನ್ನಡ ಬರುತ್ತಿತ್ತು. ಗಂಡನ ಜೊತೆ ಕುದುರೆ ಏರಿ ಬೇಟೆಗೂ ಯುದ್ಧಕ್ಕೂ ಹೋಗುತ್ತಿದ್ದಳು. ಆಕೆ ಕುದುರೆ ಮೇಲೆ ಕುಳಿತು ಗಿಡುಗ ಹಿಡಿದ ಚಿತ್ರಗಳನ್ನು ಆಕೆ ತೀರಿಕೊಂಡು ನೂರು ವರ್ಷ ಆದಮೇಲೂ ಚಿತ್ರಕಾರರು ಬರೆದರು. ಅಂಥ ಒಂದು ಚಿತ್ರ ಈಗ ನ್ಯೂಯಾರ್ಕಿನ ವಸ್ತು ಸಂಗ್ರಹಾಲಯದಲ್ಲಿದೆ. ವಿಜಾಪುರದಲ್ಲಿ ಆಕೆಯ ಹೆಸರಿನ ಚಾಂದಬಾವಡಿ ಇದೆ. ಅದನ್ನು 1579ರಲ್ಲಿ ಕಟ್ಟಿಸಿದರು.

1580ರಲ್ಲಿ ಗಂಡನ ಕೊಲೆ ಆಯಿತು. ಮಕ್ಕಳಿರಲಿಲ್ಲ. ಗಂಡನ ತಮ್ಮನ ಮಗ ಇಬ್ರಾಹಿಮ್ 9 ವರ್ಷದ ಹುಡುಗ. ಅವನನ್ನು ಗಾದಿಗೆ ಕೂಡಿಸಿ ಆಕೆಯೇ ರಾಜ್ಯ ನೋಡಿಕೊಂಡಳು. ಇದು ಕಿಶ್ವರಖಾನ ಎಂಬ ಸರದಾರನಿಗೆ ಸೇರಲಿಲ್ಲ. ಅವನು ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟ. ಜನ ಅವನ ಮೇಲೆ ತಿರುಗಿ ಬಿದ್ದರು. ಅವನು ಓಡಿಹೋದ, ಆಕೆ ತಿರುಗಿ ಬಂದಳು.

ಮುಂದೆ ಆಕೆ ತವರಿಗೆ ಹೋದಳು. 1595ರಲ್ಲಿ ಅಕಬರ ಬಾದಶಹನ ಮಗ ಮುರಾದ ಅಹಮದನಗರಕ್ಕೆ ಮುತ್ತಿಗೆ ಹಾಕಿದ. ಮೊಗಲರು ಕೋಟೆ ಗೋಡೆಯ ಬುಡಕ್ಕೆ ಮದ್ದು ತುಂಬಿ ಹಾರಿಸಿದರು. ದೊಡ್ಡ ಕಿಂಡಿ ಬಿತ್ತು. ಸೈನಿಕರು ಹೆದರಿ ಹಿಂದೆ ಸರಿದರು. ಆಗ ಚಾಂದಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿ, ಕತ್ತಿ ಹಿಡಿದು ಆ ಕಿಂಡಿಯಲ್ಲೇ ನಿಂತಳು. ಓಡಿದವರು ನಾಚಿಕೆಪಟ್ಟು ತಿರುಗಿ ಬಂದರು. ರಾತ್ರಿಯೆಲ್ಲ ನಿಂತು ಗೋಡೆ ಕಟ್ಟಿಸಿದಳು. ಕಡೆಗೆ ಒಪ್ಪಂದ ಆಯಿತು. ವರ್ಹಾಡ ಪ್ರಾಂತ ಬಿಟ್ಟುಕೊಡಬೇಕಾಯಿತು, ಆದರೆ ಅಹಮದನಗರ ಉಳಿಯಿತು.

1600ರ ಹೊತ್ತಿಗೆ ಮೊಗಲರು ಮತ್ತೆ ಬಂದರು. ಈ ಸಲ ಗೆಲ್ಲುವುದು ಆಗದು, ಮಾತುಕತೆ ಮಾಡಿ ಜನರ ಜೀವ ಉಳಿಸೋಣ ಎಂದು ಆಕೆ ವಿಚಾರ ಮಾಡಿದಳು. ಅಷ್ಟಕ್ಕೇ ಆಕೆ ವೈರಿಗಳ ಕೂಡ ಸೇರಿದ್ದಾಳೆ ಅಂತ ಸುಳ್ಳು ಸುದ್ದಿ ಹಬ್ಬಿತು. ಸ್ವಂತ ಜನರೇ ಆಕೆಯನ್ನು ಕೊಂದರು. ಸ್ವಲ್ಪ ದಿನಕ್ಕೇ ಕೋಟೆ ಮೊಗಲರ ಪಾಲಾಯಿತು.

ಇದನ್ನು ಓದಿ ನನಗೆ ಭಾಳ ಕೆಟ್ಟ ಅನಿಸಿತು. ಕತ್ತಿ ಹಿಡಿದು ನಿಂತಾಗ ಆಕೆಯ ಬೆನ್ನಿಗೆ ಬಂದವರು, ಬುದ್ಧಿ ಮಾತು ಹೇಳಿದಾಗ ಯಾಕೆ ಕೇಳಲಿಲ್ಲ? ಕುದುರೆ ಮೈದಾನದಲ್ಲಿ ಹೆಣ್ಣು, ಗಂಡು ಅಂತ ನೋಡುವುದಿಲ್ಲ, ಸವಾರಿ ನೋಡುತ್ತಾರೆ. ಮನೆಯಲ್ಲಿ, ಊರಲ್ಲಿ ಹುಡುಗಿ ಮಾತಾಡಿದಾಗಲೂ ಆಕೆಯ ಮಾತು ಖರೆ ಅದನೋ ಇಲ್ಲೋ ಅಂತ ಅಷ್ಟೇ ನೋಡಬೇಕು. ಸುಳ್ಳು ಸುದ್ದಿ ನಂಬಬಾರದು. ಚಾಂದಬೀಬಿಯಿಂದ ನಾನು ಕಲಿತ ಪಾಠ ಇದು.